ಕತ್ತರಿ ಕಾಣದ ಖಣ

ಶ್ರಾವಣ ಹುಟ್ಟಿತೆಂದರೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಒಂದು ಬಗೆಯ ಬಟ್ಟೆಗೆ ಕಾಲು ಬರುತ್ತದೆ. ವರಮಹಾಲಕ್ಷ್ಮಿ ವ್ರತದ ಸಂಜೆ ಅರಿಸಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆ ಎಲೆ ಅಡಿಕೆ, ತೆಂಗಿನಕಾಯಿ, ಬಳೆಗಳ ಜೊತೆ ಕೊಡುವ ರವಿಕೆ ಕಣ ಅದು. ಗೌರಿ ಹಬ್ಬದ ಬಾಗಿನ, ನವರಾತ್ರಿಯ ಗೊಂಬೆ ಆರತಿ, ಗೃಹಪ್ರವೇಶ, ಸೀಮಂತ, ಹೀಗೆ ದೀಪಾವಳಿ ಕಳೆಯುವವರೆಗೂ ಅದರ ಪ್ರಯಾಣ ನಿಲ್ಲುವುದಿಲ್ಲ. ಕೊಡುವವರು ಹೊಲಿಸಿಕೊಳ್ಳಲಿ ಎಂದು ಕೊಡುವುದು ಅಪರೂಪ. ತೆಗೆದುಕೊಂಡವರು ಹೊಲಿಸಿಕೊಳ್ಳುವುದು ಇನ್ನೂ ಅಪರೂಪ. ಬೀರುವಿನಲ್ಲಿ ನಾಲ್ಕು ತಿಂಗಳು ಕೂತು ಅದು ಮುಂದಿನ ತಾಂಬೂಲಕ್ಕೆ ಸಿದ್ಧವಾಗುತ್ತದೆ. ತಾನು ಕೊಟ್ಟ ಕಣ ಊರೆಲ್ಲ ಸುತ್ತಿ ತನ್ನ ಮಡಿಲಿಗೇ ಬಂದ ನಗೆಮಾತು ಈ ಬಡಾವಣೆಗಳಲ್ಲಿ ಹಳೆಯದು. ನಗೆಮಾತಿನ ಹಿಂದೆ ಒಂದು ಲೆಕ್ಕಾಚಾರವಿದೆ. ಕತ್ತರಿ ಕಾಣದ ಬಟ್ಟೆಗೆ ಪರೀಕ್ಷೆಯೇ ಇಲ್ಲ. ತೊಳೆದರೆ ಬಣ್ಣ ಬಿಡುತ್ತದೆಯೆ, ಬೆವರು ಹೀರುತ್ತದೆಯೆ, ಹೊಲಿಗೆಯ ಬಳಿ ಎಳೆ ಸರಿಯುತ್ತದೆಯೆ ಎಂಬುದೆಲ್ಲ ತೊಟ್ಟಾಗ ತಿಳಿಯುವ ಸಂಗತಿಗಳು. ತೊಡುವವರೇ ಇಲ್ಲದ ಮೇಲೆ ಅಂಗಡಿಯವನು ಅತ್ಯಂತ ಅಗ್ಗದ ಪಾಲಿಯೆಸ್ಟರ್ ತುಂಡನ್ನು ಕಟ್ಟುಕಟ್ಟಾಗಿ ತರಿಸುತ್ತಾನೆ, ಒಳ್ಳೆಯ ನೇಯ್ಗೆ ಪೈಪೋಟಿಯಿಂದಲೇ ಹೊರಬೀಳುತ್ತದೆ.

ಕೈಮಗ್ಗದ ಕುರಿತ ನಮ್ಮ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡೇ ಪಾತ್ರಗಳು. ಒಂದು ಕಡೆ ಕಷ್ಟದಲ್ಲಿರುವ ನೇಕಾರ, ಇನ್ನೊಂದು ಕಡೆ ಮನಸ್ಸು ಮಾಡಬೇಕಾದ ಗ್ರಾಹಕ. ಮೊದಲನೆಯವನಿಗೆ ಸಹಾಯಧನ, ಎರಡನೆಯವನಿಗೆ ಉಪದೇಶ. ಇಬ್ಬರ ನಡುವೆ ಟೇಪು ಕೊರಳಿಗೆ ಹಾಕಿಕೊಂಡು ನಿಂತಿರುವ ದರ್ಜಿ ಈ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ಸೀರೆ, ಪಂಚೆ, ಶಾಲುಗಳಿಗೆ ಅವನ ಹಂಗಿಲ್ಲದಿರಬಹುದು. ಆದರೆ ಕತ್ತರಿಸಿ ಹೊಲಿದು ತೊಡಬೇಕಾದ ಬಟ್ಟೆಯ ಅಳಿವು ಉಳಿವು ಮಗ್ಗದ ಗುಂಡಿಯಲ್ಲಿ ಎಷ್ಟು ತೀರ್ಮಾನವಾಗುತ್ತದೆಯೋ ಕಟಿಂಗ್ ಮಾಸ್ಟರನ ಮೇಜಿನ ಮೇಲೂ ಅಷ್ಟೇ ತೀರ್ಮಾನವಾಗುತ್ತದೆ. ಇದಕ್ಕೆ ಕರ್ನಾಟಕದಲ್ಲಿ ಸಿಗುವ ಅತ್ಯಂತ ಸ್ಪಷ್ಟ ಸಾಕ್ಷಿ ಗುಳೇದಗುಡ್ಡದ ರವಿಕೆ ಬಟ್ಟೆಯಾದ ಖಣ.

ಅಳತೆಗೆಂದೇ ನೇಯ್ದ ಬಟ್ಟೆ

ಗುಳೇದಗುಡ್ಡ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿಯ ನೆರೆಯಲ್ಲಿ. ದಕ್ಷಿಣ ಬೆಂಗಳೂರಿನ ಒಂದು ದೊಡ್ಡ ಬಡಾವಣೆಗೆ ಹೆಸರು ಕೊಟ್ಟ ಬನಶಂಕರಿಯ ಮೂಲ ಸನ್ನಿಧಿಯೂ ಬಾದಾಮಿಯ ಬಳಿಯದೇ, ಆಕೆ ದೇವಾಂಗ ನೇಕಾರ ಮನೆತನಗಳ ಕುಲದೇವತೆ. ಆ ಸೀಮೆಯಲ್ಲಿ ಹೆಣ್ಣಿನ ಪೂರ್ತಿ ಉಡುಪು ಎರಡು ಊರುಗಳ ಜೋಡಿ ಕೆಲಸವಾಗಿತ್ತು. ಇಳಕಲ್ಲಿನಿಂದ ಟೋಪ್ ತೆನಿ ಸೆರಗಿನ ಸೀರೆ, ಗುಳೇದಗುಡ್ಡದಿಂದ ಅದಕ್ಕೊಪ್ಪುವ ಖಣ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಮಾಡಿ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಖಣದ ಜಾಣ್ಮೆ ಬೇರೆ ಬಗೆಯದು. ನೆಲದ ಹಾಸಿನ ಜೊತೆಗೆ ಬೇರೆ ಬಣ್ಣದ ಹೆಚ್ಚುವರಿ ಹಾಸೊಂದು ಓಡುತ್ತದೆ. ಎಳೆಗಳನ್ನು ಎತ್ತುವ ಡಾಬಿ ಎಂಬ ಸಾಧನದ ನೆರವಿನಿಂದ ಅದು ಅಲ್ಲಲ್ಲಿ ಮೇಲೆದ್ದು ತೇರು, ಆನೆಹೆಜ್ಜೆ, ಸೂರ್ಯನಾರಾಯಣ ಮುಂತಾದ ಪುಟ್ಟ ಚಿತ್ತಾರವಾಗುತ್ತದೆ. ಎರಡೂ ಬದಿಗೆ ಅಂಚು. ಅಗಲ ಕಿರಿದು. ಒಂದು ಕುಬಸಕ್ಕೆ ಬೇಕಾದಷ್ಟನ್ನು ಒಂದು ಖಣವೆಂದು ಎಣಿಸಿ, ತ್ರಿಕೋನಾಕಾರದಲ್ಲಿ ಮಡಚಿ ಮಾರುವುದು ವಾಡಿಕೆ.

ಇಲ್ಲಿ ಗಮನಿಸಬೇಕಾದದ್ದು ಆ ಎಣಿಕೆಯ ರೀತಿ. ಗಜದ ಲೆಕ್ಕದಲ್ಲಿ ನೇಯ್ದು ಆಮೇಲೆ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟ ಬಟ್ಟೆ ಇದಲ್ಲ. ಯಾವ ಅಂಚು ತೋಳಿನ ತುದಿಗೆ ಬರಬೇಕು, ಯಾವುದು ನಡುವಿನ ಮೇಲೆ ಕೂರಬೇಕು ಎಂಬುದನ್ನು ನೇಕಾರ ಲಾಳಿ ಹಾಯಿಸುವ ಮೊದಲೇ ಬಲ್ಲ. ಮುಂದೆ ಗಂಟು ಕಟ್ಟುವ ಹಳೆಯ ಕುಬಸದ ಬಹುತೇಕ ತುಂಡುಗಳು ನೇರ ಗೆರೆಯವು. ಹಾಗಾಗಿ ಕತ್ತರಿಸಿ ಎಸೆಯುವ ಚೂರು ಕಡಿಮೆ, ಚಿತ್ತಾರ ಮುರಿಯುವುದಿಲ್ಲ, ಅಂಚನ್ನು ಮಡಚಿ ಹೊಲಿಯುವ ಕೆಲಸವೂ ತಪ್ಪುತ್ತದೆ. ನೇಕಾರನ ಜ್ಞಾನ ಮತ್ತು ಸಿಂಪಿಗನ ಜ್ಞಾನ ಒಂದೇ ತುಂಡಿನಲ್ಲಿ ಕೂಡಿಕೊಂಡದ್ದರಿಂದ ಆ ಬಟ್ಟೆಗೆ ಆ ರೂಪ ಬಂತು. ಗರ್ಭಿಣಿಗೆ ಕುಬಸ ಮಾಡುವುದು, ಹೆಣ್ಣುಮಕ್ಕಳಿಗೆ ಉಡಿ ತುಂಬುವುದು ಮುಂತಾದ ಶಾಸ್ತ್ರಗಳು ಬೇಡಿಕೆಯನ್ನು ವರ್ಷವಿಡೀ ಕಾಯುತ್ತಿದ್ದವು. ಉಡಿಯಲ್ಲಿ ಬಂದ ಖಣ ಹೊಲಿಗೆಗೆ ಹೋಗುತ್ತಿತ್ತು, ತೊಟ್ಟು ಹರಿಯುತ್ತಿತ್ತು. ಹರಿದ ಮೇಲೂ ಕೌದಿಯ ತೇಪೆಯಾಗಿ ಉಳಿಯುತ್ತಿತ್ತು. ಬಟ್ಟೆ ಸವೆಯುವುದೇ ನೇಕಾರನ ಮುಂದಿನ ಹಾಸಿಗೆ ಬಂಡವಾಳ.

ಈ ಸರಪಣಿಯ ಪೂರ್ಣ ಕಲ್ಪನೆ ಕನ್ನಡ ಸಮಾಜಕ್ಕೆ ಹೊಸದೇನಲ್ಲ. ಶರಣರ ಸಾಲಿನಲ್ಲಿ ನೂಲುವ ಕದಿರ ರೆಮ್ಮವ್ವೆ ಇದ್ದಾಳೆ, ನೇಯುವ ದೇವರ ದಾಸಿಮಯ್ಯ ಇದ್ದಾನೆ, ಒಗೆಯುವ ಮಡಿವಾಳ ಮಾಚಯ್ಯ ಇದ್ದಾನೆ. ಹೊಲಿಯುವ ಸೂಜಿಕಾಯಕದ ರಾಮಿತಂದೆಯೂ ಅಲ್ಲಿದ್ದಾನೆ. ದಾಸಿಮಯ್ಯ, ಮಾಚಯ್ಯರ ಜಯಂತಿಗಳನ್ನು ಸರ್ಕಾರ ಆಚರಿಸುತ್ತದೆ. ರಾಮಿತಂದೆಯ ಹೆಸರು ವಚನ ಸಾಹಿತ್ಯದ ವಿದ್ಯಾರ್ಥಿಗಳ ಆಚೆಗೆ ಕೇಳಿಬರುವುದು ವಿರಳ. ಈ ಮರೆವು ಭಕ್ತಿಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕೈಮಗ್ಗ ನೀತಿಯಲ್ಲೂ ಸೂಜಿಯವನಿಗೆ ಜಾಗವಿಲ್ಲ.

ಸಂಬಂಧ ಕಡಿದದ್ದು ಎಲ್ಲಿ

ಖಣ ಹಿಂದೆ ಬಿದ್ದದ್ದಕ್ಕೆ ವಿದ್ಯುತ್ ಮಗ್ಗವೊಂದೇ ಕಾರಣವೆಂಬ ವಿವರಣೆ ಸುಲಭದ್ದು, ಅರ್ಧ ನಿಜವೂ ಹೌದು. ಉಳಿದರ್ಧ ರವಿಕೆಯ ಚರಿತ್ರೆಯಲ್ಲಿದೆ. ಸೀರೆಯ ಜೊತೆಗೇ ರವಿಕೆಯ ತುಂಡನ್ನೂ ಸೇರಿಸಿ ಮಾರುವ ಪದ್ಧತಿ ಎಲ್ಲ ಕಡೆ ಹಬ್ಬಿದಾಗ ಬೇರೆಯಾಗಿ ರವಿಕೆ ಬಟ್ಟೆ ಕೊಳ್ಳುವ ಕಾರಣವೇ ಅರ್ಧ ಹೋಯಿತು. ಮಿಕ್ಕ ಅರ್ಧವನ್ನು ಮ್ಯಾಚಿಂಗ್ ಸೆಂಟರುಗಳು ಹಂಚಿಕೊಂಡವು. ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತ ಇಂಥ ಅಂಗಡಿಗಳ ಗೋಡೆ ತುಂಬ ಟೂ ಬೈ ಟೂ ರೂಬಿಯಾದ ಥಾನುಗಳು ಬಣ್ಣದ ಕ್ರಮದಲ್ಲಿ ನಿಂತಿರುತ್ತವೆ. ಸೀರೆಯ ಯಾವ ಛಾಯೆಗೂ ಹೊಂದುವ ಬಣ್ಣ ಅಲ್ಲಿ ಸಿಗುತ್ತದೆ. ಖಣದ ಸೌಂದರ್ಯ ಇರುವುದು ಸೀರೆಯ ಬಣ್ಣದ ಎದುರು ಬಣ್ಣದಲ್ಲಿ. ಮ್ಯಾಚಿಂಗ್‌ನ ತತ್ತ್ವ ಅದಕ್ಕೆ ತದ್ವಿರುದ್ಧ.

ಮೂರನೆಯ ಕಾರಣ ಕತ್ತರಿಯದೇ. ಇಂದಿನ ಬ್ಲೌಸು ಡಾಟ್, ಪ್ರಿನ್ಸೆಸ್ ಕಟ್, ಕಟೋರಿ, ಆಳವಾದ ಬೆನ್ನು, ಪೈಪಿಂಗ್ ಎಂದು ಬಾಗು ಗೆರೆಗಳ ಉಡುಪು. ಮೈಗೆ ಅಂಟಿ ಕೂರಬೇಕು. ಕಿರಿದಗಲದ ಖಣವನ್ನು ಹೀಗೆ ಕತ್ತರಿಸಹೊರಟರೆ ಬಟ್ಟೆ ಸಾಲುವುದಿಲ್ಲ. ಸಾಲಿದರೂ ಎದೆಯ ಹೊಲಿಗೆಯ ಬಳಿ ಚಿತ್ತಾರದ ಸಾಲು ಒಡೆಯುತ್ತದೆ. ಹೆಚ್ಚುವರಿ ಹಾಸಿನ ಸಡಿಲ ಎಳೆಗಳು ಒಳಮೈಯಲ್ಲಿ ತೇಲುತ್ತಿರುವುದರಿಂದ ಲೈನಿಂಗ್ ಹಾಕಲೇಬೇಕು, ಕತ್ತರಿಸಿದ ಅಂಚನ್ನು ಓವರ್‌ಲಾಕ್ ಮಾಡದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ. ಲೈನಿಂಗ್ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಒಂದೇ ಒಗೆತಕ್ಕೆ ಒಳಗಿನದು ಕುಗ್ಗಿ ಮೇಲಿನದು ಸುಕ್ಕಾಗುತ್ತದೆ. ಇದೆಲ್ಲವನ್ನೂ ಬಲ್ಲ ದರ್ಜಿಗೆ ಒಂದು ಖಣ ಎರಡು ರೂಬಿಯಾ ಬ್ಲೌಸುಗಳ ಹೊತ್ತು ತಿನ್ನುತ್ತದೆ. ಬ್ಲೌಸಿಗಿಷ್ಟು ಎಂದು ಕೂಲಿ ಪಡೆಯುವವರು, ಹಬ್ಬದ ಮುಂಚಿನ ದಿನಗಳಲ್ಲಿ ಅಳತೆ ಬ್ಲೌಸುಗಳ ರಾಶಿಯ ನಡುವೆ ಕೂತವರು, ‘ಇದು ಕೂರಲ್ಲ ಮೇಡಂ, ಬೇರೆ ಬಟ್ಟೆ ತನ್ನಿ’ ಎಂದರೆ ಅದರಲ್ಲಿ ಸೋಮಾರಿತನವಿಲ್ಲ, ಲೆಕ್ಕವಿದೆ. ಆ ಒಂದು ಮಾತಿಗೆ ಗ್ರಾಹಕಿಯ ಕೈಮಗ್ಗದ ಪ್ರೀತಿ ಅಲ್ಲಿಗೇ ನಿಲ್ಲುತ್ತದೆ. ಖಣ ಮತ್ತೆ ಬೀರು ಸೇರುತ್ತದೆ, ಅಲ್ಲಿಂದ ತಾಂಬೂಲಕ್ಕೆ.

ಸರ್ಕಾರದ ಲೆಕ್ಕದಲ್ಲಿ ಈ ಘಟ್ಟ ದಾಖಲಾಗುವುದೇ ಇಲ್ಲ. ದೇಶದ ಕೈಮಗ್ಗ ಗಣತಿಯ ಪ್ರಕಾರ 1987–88ರಲ್ಲಿ ನೇಕಾರರು ಮತ್ತು ಪೂರಕ ಕೆಲಸಗಾರರು ಸೇರಿ 67 ಲಕ್ಷಕ್ಕೂ ಹೆಚ್ಚಿದ್ದರು; 2019–20ರ ನಾಲ್ಕನೆಯ ಗಣತಿಯ ಹೊತ್ತಿಗೆ 35.22 ಲಕ್ಷಕ್ಕೆ ಇಳಿದರು. ಈ ಎಣಿಕೆ ನೂಲು, ಹಾಸು, ನೇಯ್ಗೆಗಳ ಸುತ್ತ ಸುತ್ತುತ್ತದೆ. ಇಳಿಸಿದ ಬಟ್ಟೆಯನ್ನು ಉಡುಪು ಮಾಡುವವರು ಅದರ ಹೊರಗೆ. ಕೈಮಗ್ಗಕ್ಕೆ ಮೀಸಲಿಟ್ಟ ಸರಕುಗಳ 1985ರ ಕಾಯ್ದೆ ಮೊದಲು 22 ಬಗೆಗಳಿಗೆ ರಕ್ಷಣೆ ಕೊಟ್ಟಿತ್ತು, ನಂತರ ಪಟ್ಟಿ 11ಕ್ಕೆ ಕುಗ್ಗಿತು. ಸೀರೆ, ಪಂಚೆ, ಟವೆಲು, ಕಂಬಳಿ, ಉಣ್ಣೆಯ ಟ್ವೀಡ್ ಕೂಡ ಅದರಲ್ಲಿವೆ, ಖಣದ ಹೆಸರಿಲ್ಲ. ಖಣಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುವುದು ನಿಜ. ಅದು ಹೆಸರನ್ನು ಕಾಯುತ್ತದೆ, ಬಳಕೆಯನ್ನು ಹುಟ್ಟಿಸುವುದಿಲ್ಲ. ರಾಜ್ಯದ ವಿದ್ಯಾವಿಕಾಸ ಯೋಜನೆ ಇನ್ನೊಂದು ಉದಾಹರಣೆ. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯ ಒಂದು ಪಾಲನ್ನು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದಿಂದ ಕೊಳ್ಳುವುದು ನೇಕಾರರಿಗೆ ದೊಡ್ಡ ಆಸರೆ. ಬಟ್ಟೆ ಬಂದರೂ ಹೊಲಿಗೆಯ ಕೂಲಿ ತಮ್ಮ ಮೇಲೇ ಬೀಳುತ್ತದೆಂದು ಪೋಷಕರು ದೂರುವುದನ್ನು ಪತ್ರಿಕೆಗಳು ಮತ್ತೆಮತ್ತೆ ವರದಿ ಮಾಡಿವೆ. ಥಾನು ತಲುಪಿದರೆ ಹೊಣೆ ಮುಗಿಯಿತೆಂಬ ಭಾವನೆ ಎಷ್ಟು ಆಳವಾಗಿದೆಯೆಂದು ಇದರಿಂದ ತಿಳಿಯುತ್ತದೆ.

ಬೇರೆ ನಾಡುಗಳ ಪಾಠ

ಹೊಲಿಗೆಯವನು ಮರೆಯಾದಾಗ ನೇಯ್ಗೆಗೆ ಏನಾಗುತ್ತದೆಂಬುದನ್ನು ಐರ್ಲೆಂಡಿನ ಹಳ್ಳಿಗಾಡು ಕಂಡಿದೆ. ಅಲ್ಲಿ ಮನೆಯ ಹೆಂಗಸರು ಉಣ್ಣೆ ನೂಲುತ್ತಿದ್ದರು, ಊರಿನ ನೇಕಾರ ನೇಯುತ್ತಿದ್ದ, ಮನೆಯಿಂದ ಮನೆಗೆ ಅಲೆಯುವ ದರ್ಜಿ ಬಂದು ಕೆಲವು ದಿನ ಅಲ್ಲೇ ಉಳಿದು, ಉಂಡು, ಇಡೀ ಸಂಸಾರಕ್ಕೆ ಬೇಕಾದ ಉಡುಪು ಹೊಲಿದುಕೊಟ್ಟು ಮುಂದಿನ ಮನೆಗೆ ಹೋಗುತ್ತಿದ್ದ. ದಪ್ಪ ಉಣ್ಣೆ ಬಟ್ಟೆಯನ್ನು ಹೇಗೆ ಮಡಚಬೇಕು, ಎಲ್ಲಿ ಜೋಡು ಹೊಲಿಗೆ ಬೇಕು ಎಂಬ ತಿಳಿವಳಿಕೆ ಅವನ ಜೊತೆ ಊರೂರು ಸುತ್ತುತ್ತಿತ್ತು. ಪಶ್ಚಿಮದ ಬಡ ಜಿಲ್ಲೆಗಳಿಗೆಂದು 1891ರಲ್ಲಿ ಹುಟ್ಟಿದ ಅಭಿವೃದ್ಧಿ ಮಂಡಳಿ ಡಾನಗಲ್‌ನ ಕೈನೇಯ್ಗೆಗೆ ಒತ್ತಾಸೆಯಾಗಿ ನಿಂತು ಬಟ್ಟೆಯ ಗುಣಮಟ್ಟ ಸುಧಾರಿಸಿತು. ಹೀಗಾಗಿ ಡಾನಗಲ್ ಟ್ವೀಡಿಗೆ ದೂರದ ಪೇಟೆ ಸಿಕ್ಕಿತು. ಆದರೆ ಸಿದ್ಧ ಉಡುಪು ಬಂದು ಅಲೆಮಾರಿ ದರ್ಜಿ ಇಲ್ಲವಾದ ಮೇಲೆ, ಊರಿನವರು ಊರಿನ ಬಟ್ಟೆ ತೊಡುವ ರೂಢಿ ಉಳಿಯಲಿಲ್ಲ. ಟ್ವೀಡ್ ಉಳಿದದ್ದು ಮುಖ್ಯವಾಗಿ ಅದನ್ನು ಕತ್ತರಿಸಬಲ್ಲ ಹೊರಗಿನ ದರ್ಜಿಗಳಿಗಾಗಿ.

ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್ ಇದೇ ಮಾತನ್ನು ಇನ್ನೊಂದು ತುದಿಯಿಂದ ಹೇಳುತ್ತದೆ. ಹೊರ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಗಳಲ್ಲೇ ಕೈಯಿಂದ ನೇಯಬೇಕೆಂದು 1993ರ ಬ್ರಿಟಿಷ್ ಕಾಯ್ದೆ ಕಟ್ಟುನಿಟ್ಟಾಗಿ ಹೇಳುತ್ತದೆ. ನಾವು ಭೌಗೋಳಿಕ ಸೂಚಿಕೆಯ ಬಗ್ಗೆ ಮಾತಾಡುವಾಗ ಈ ಭಾಗವನ್ನು ಎತ್ತಿ ಹೇಳುತ್ತೇವೆ. ಅದರ ಬೆನ್ನಿಗೇ ನಡೆದ ಇನ್ನೊಂದು ಬದಲಾವಣೆಯನ್ನು ಹೇಳುವುದಿಲ್ಲ. ಹಳೆಯ ಮಗ್ಗದಲ್ಲಿ ಬಟ್ಟೆಯ ಅಗಲ ಸುಮಾರು 75 ಸೆಂಟಿಮೀಟರು. ಉಡುಪು ತಯಾರಕರ ಕತ್ತರಿಸುವ ಮೇಜಿಗೆ ಅದು ಸಾಲದು. 1990ರ ದಶಕದಲ್ಲಿ ಅದರ ಎರಡರಷ್ಟು ಅಗಲದ, ಆದರೆ ಕಾಲಿನಿಂದಲೇ ತುಳಿಯುವ ಹೊಸ ಮಗ್ಗ ಬಂತು. ಯಾರು ನೇಯಬೇಕು, ಎಲ್ಲಿ ನೇಯಬೇಕು ಎಂಬ ನಿಯಮ ಒಂದಿಷ್ಟೂ ಸಡಿಲವಾಗಲಿಲ್ಲ. ಅಗಲ ಮಾತ್ರ ಕತ್ತರಿಯ ಮಾತು ಕೇಳಿತು. ಯಾವುದನ್ನು ಬಿಡಬಾರದು, ಯಾವುದನ್ನು ಬದಲಿಸಬಹುದು ಎಂಬ ವಿವೇಕ ಇದು. ಖಣದಲ್ಲಿ ನಾವು ತಿರುಗುಮುರುಗು ಮಾಡಿದ್ದೇವೆ: ಕಿರಿದಗಲವನ್ನು ಪರಂಪರೆಯೆಂದು ಕಾಪಾಡಿಕೊಂಡು, ನೂಲನ್ನೂ ಮಗ್ಗವನ್ನೂ ಅಗ್ಗದ ನಕಲಿಗೆ ಬಿಟ್ಟುಕೊಟ್ಟಿದ್ದೇವೆ.

ಎದುರು ವಾದಗಳು

ಮೊದಲ ಆಕ್ಷೇಪ: ಖಣಕ್ಕೆ ಈಗ ಹೊಸ ಜೀವ ಬಂದಿದೆಯಲ್ಲ, ಖಣದ ಸೀರೆ, ಚೀಲ, ದುಪಟ್ಟಾಗಳು ಮಾರಾಟವಾಗುತ್ತಿವೆ, ದರ್ಜಿಯ ಗೊಡವೆ ಏಕೆ? ಮೊದಲಿನಿಂದಲೂ ಖಣಕ್ಕೆ ದೊಡ್ಡ ಪೇಟೆಯಾಗಿರುವ ಮಹಾರಾಷ್ಟ್ರದಲ್ಲಂತೂ ಇದರ ಸೀರೆಗೆ ಒಳ್ಳೆಯ ಬೇಡಿಕೆ ಇದೆ. ಇದು ಸಂತೋಷದ ಸುದ್ದಿಯೇ. ಆದರೆ ಸೀರೆಯಾದ ಖಣಕ್ಕೆ ತನ್ನದೇ ಆದ ಆಕಾರದ ಕಟ್ಟುಪಾಡು ಯಾವುದೂ ಉಳಿಯುವುದಿಲ್ಲ. ಅಂಚು ತೋಳಿಗೆ ಬರಬೇಕಿಲ್ಲ, ಒಂದು ತುಂಡು ಒಂದು ಮೈಗೆ ಸಾಲಬೇಕಿಲ್ಲ. ಉಳಿಯುವುದು ಸಣ್ಣ ಚಿತ್ತಾರದ ಮೇಲ್ಮೈ. ಮೇಲ್ಮೈಯನ್ನು ವಿದ್ಯುತ್ ಮಗ್ಗ ಮೀಟರುಗಟ್ಟಲೆ ನಕಲು ಮಾಡಬಲ್ಲದು, ಮಾಡುತ್ತಲೂ ಇದೆ. ಈ ಬೇಡಿಕೆಯ ಲಾಭ ಗುಳೇದಗುಡ್ಡದ ಕುಣಿ ಮಗ್ಗಕ್ಕೆ ಪೂರ್ತಿ ತಲುಪದಿರುವುದಕ್ಕೆ ಇದೇ ಕಾರಣ.

ಎರಡನೆಯದು ಹಣದ ಮಾತು: ಕೈಮಗ್ಗದ ಬಟ್ಟೆ ದುಬಾರಿ, ಅದರ ಮೇಲೆ ಹೆಚ್ಚಿನ ಹೊಲಿಗೆ ಕೂಲಿಯನ್ನೂ ಯಾರು ಕೊಡುತ್ತಾರೆ? ದಕ್ಷಿಣ ಬೆಂಗಳೂರಿನ ಬೊಟಿಕ್‌ಗಳನ್ನು ನೋಡಿದರೆ ಈ ಪ್ರಶ್ನೆ ನಿಲ್ಲುವುದಿಲ್ಲ. ಮದುವೆಯ ಬ್ಲೌಸಿಗೆ ಆರಿ ಕೆಲಸ, ಜರ್ದೋಸಿ, ಮಣಿಗಳೆಂದು ಸಾವಿರಾರು ರೂಪಾಯಿ ಕೊಡುವುದು ಈಗ ಮಧ್ಯಮ ವರ್ಗದ ಮನೆಗಳಲ್ಲೂ ಸಾಮಾನ್ಯ. ಎಷ್ಟೋ ಬಾರಿ ಹೊಲಿಗೆ ಮತ್ತು ಕಸೂತಿಯ ಖರ್ಚು ಸೀರೆಯ ಬೆಲೆಯನ್ನು ಮೀರುತ್ತದೆ. ಅಂದರೆ ರವಿಕೆಗೆ ಖರ್ಚು ಮಾಡುವ ಮನಸ್ಸು ಕುಗ್ಗಿಲ್ಲ, ಹಿಗ್ಗಿದೆ. ಆ ಹಣ ಬಟ್ಟೆಯ ನೇಯ್ಗೆಗೆ ಹೋಗದೆ ಬಟ್ಟೆಯ ಮೇಲೆ ಕೂರಿಸುವ ಅಲಂಕಾರಕ್ಕೆ ಹೋಗುತ್ತಿದೆ. ನೇಯ್ಗೆಯಲ್ಲೇ ಚಿತ್ತಾರವಿರುವ ಖಣವನ್ನು ಅಂದವಾಗಿ ಹೊಲಿದು ತೋರಿಸುವ ದರ್ಜಿ ಇದ್ದರೆ ಅದರ ಒಂದು ಪಾಲು ಮಗ್ಗದತ್ತ ತಿರುಗುವುದು ಅಸಾಧ್ಯವಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ನೇಕಾರರ ಮಕ್ಕಳಿಗೆ ಮಗ್ಗ ಬೇಡವಾಗಿದೆ. ಕುಲಕಸುಬಿನಲ್ಲಿ ಅವರನ್ನು ಕಟ್ಟಿಹಾಕುವ ಹಕ್ಕು ನಗರದವರಿಗೆ ಯಾರು ಕೊಟ್ಟರು? ಯಾರೂ ಕೊಟ್ಟಿಲ್ಲ. ಕಡಿಮೆ ಕೂಲಿಗೆ ದುಡಿಯುವ ನೇಕಾರನನ್ನು ಸಂಸ್ಕೃತಿಯ ಕಾವಲುಗಾರನೆಂದು ಹೊಗಳುವುದು ಅವನ ಮಜೂರಿಯನ್ನು ಹೊಗಳಿಕೆಯಲ್ಲಿ ತೀರಿಸುವ ಉಪಾಯ. ಈ ಲೇಖನದ ವಾದ ಯಾರನ್ನೂ ಮಗ್ಗದಲ್ಲಿ ಉಳಿಸುವುದಕ್ಕಲ್ಲ. ಉಳಿದವರ ಬಟ್ಟೆಗೆ ತಕ್ಕ ಬೆಲೆ ಬರುವ ದಾರಿ ಯಾವುದೆಂದು ಹುಡುಕುವುದಕ್ಕೆ. ಇದೇ ಪ್ರಶ್ನೆ ಹೊಲಿಗೆಯವರಿಗೂ ಅನ್ವಯಿಸುತ್ತದೆ. ಬಿ.ಟಿ.ಎಂ. ಬಡಾವಣೆಯ ಪಕ್ಕದ ಬೊಮ್ಮನಹಳ್ಳಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಂಗಸರು 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೀದಿಗಿಳಿದಾಗ, ಈ ನಗರ ಎಷ್ಟು ದೊಡ್ಡ ಹೊಲಿಗೆಯ ನಗರವೆಂದು ಹಲವರಿಗೆ ಮೊದಲ ಸಲ ಗೊತ್ತಾಯಿತು. ಆದರೆ ಕಾರ್ಖಾನೆಯ ಸಾಲಿನಲ್ಲಿ ಒಬ್ಬಾಕೆ ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಾಕೆ ತೋಳು ಮಾತ್ರ ಕೂರಿಸುತ್ತಾಳೆ. ವರ್ಷಗಟ್ಟಲೆ ಹೊಲಿದರೂ ಒಂದು ಇಡೀ ಉಡುಪನ್ನು ಅಳೆದು ಕತ್ತರಿಸುವ ವಿದ್ಯೆ ಕೈಗೆ ಬರುವುದಿಲ್ಲ. ಯಂತ್ರದ ವಿಷಯದಲ್ಲಿ ಅಷ್ಟು ಹುಷಾರಾಗಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ವಿನಾಯಿತಿಯಾಗಿ ಒಪ್ಪಿಕೊಂಡರು. ಆ ಯಂತ್ರ ಮನುಷ್ಯನ ಕೈಯನ್ನು ಕೆಲಸದಿಂದ ತೆಗೆದುಹಾಕುವುದಿಲ್ಲ, ಅದರ ದಣಿವನ್ನು ಇಳಿಸುತ್ತದೆ ಎಂಬುದು ಅವರ ನೋಟದ ತಿರುಳು. ಆ ವಿನಾಯಿತಿ ಸಲ್ಲುವುದು ಬೀದಿಯ ದರ್ಜಿಗೆ, ಮನೆಯಲ್ಲೇ ಹೊಲಿಯುವ ಹೆಂಗಸಿಗೆ. ಅವರ ಕೌಶಲಕ್ಕೆ ಬೆಲೆ ಸಿಕ್ಕರೆ ನೇಕಾರನ ಕೌಶಲಕ್ಕೂ ಸಿಗುತ್ತದೆ.

ಹೊಲಿಗೆಯನ್ನು ನೇಯ್ಗೆಯ ಜೊತೆಗೆ ಕಟ್ಟಿದರೆ ಏನಾಗಬಹುದೆಂಬುದಕ್ಕೆ ಕನ್ನಡ ನಾಡಿನಲ್ಲೇ ಪ್ರಯೋಗ ನಡೆದಿದೆ. ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಬೆಳೆದ ಚರಕ ಸಂಸ್ಥೆ ಅಡಕೆ ಚೊಗರು ಮುಂತಾದ ನೈಸರ್ಗಿಕ ಬಣ್ಣ ಹಾಕಿ, ನೇಯ್ದು, ಅಲ್ಲೇ ಹೊಲಿದು, ದೇಸಿ ಅಂಗಡಿಗಳ ಮೂಲಕ ಮಾರಿತು. ಸೌತ್ ಎಂಡ್ ವೃತ್ತದ ಹತ್ತಿರದ ದೇಸಿಗೆ ಹೋಗಿ ಜುಬ್ಬ ಕೊಂಡವರು ಗಜದ ಲೆಕ್ಕದಲ್ಲಿ ಕೈಮಗ್ಗ ಕೊಳ್ಳಲಿಲ್ಲ, ತೊಡಲು ಸಿದ್ಧವಾದ ಉಡುಪು ಕೊಂಡರು. ಹಳ್ಳಿಯ ಹೆಂಗಸರ ನೇಯ್ಗೆ ನಗರದ ಓದುಬರಹದ ವರ್ಗದ ದಿನನಿತ್ಯದ ಬಟ್ಟೆಯಾದದ್ದರಲ್ಲಿ ಆ ಹೊಲಿಗೆ ಘಟಕದ ಪಾಲು ದೊಡ್ಡದು. 2020ರ ಕೋವಿಡ್ ಕಾಲದಲ್ಲಿ ಚರಕ ತೀವ್ರ ಹಣಕಾಸಿನ ಸಂಕಟಕ್ಕೆ ಸಿಕ್ಕಿತೆಂಬುದನ್ನು ಮುಂದಿಟ್ಟು ಈ ದಾರಿಯೇ ತಪ್ಪೆನ್ನುವವರಿದ್ದಾರೆ. ಆ ವರ್ಷ ಅಂಗಡಿ ಬಾಗಿಲು ಮುಚ್ಚಿದ ಎಷ್ಟೋ ಗಟ್ಟಿ ಉದ್ದಿಮೆಗಳೂ ಅಲ್ಲಾಡಿದವು. ಸಣ್ಣ ಸಂಸ್ಥೆಗಳಿಗೆ ಕಷ್ಟಕಾಲಕ್ಕೆ ಬಂಡವಾಳ ಬೇಕೆಂಬುದು ಅದರಿಂದ ಕಲಿಯಬೇಕಾದ ಪಾಠ, ಹೊಲಿದು ಮಾರಬಾರದೆಂಬುದಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ಗುಳೇದಗುಡ್ಡದ ಒಂದಷ್ಟು ಮಗ್ಗಗಳಾದರೂ ಇಂದಿನ ಕಟಿಂಗ್‌ಗೆ ಸಾಲುವ ಅಗಲದಲ್ಲಿ ಖಣ ನೇಯಲು ಬೇಕಾದ ಹಣಿಗೆ, ಡಾಬಿಯ ಖರ್ಚನ್ನು ನಿಗಮ ಭರಿಸಬಹುದು. ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ಖಣ ಬಲ್ಲ ದರ್ಜಿಯನ್ನು ಕೂರಿಸಿ, ಬಟ್ಟೆ ಕೊಂಡಲ್ಲೇ ಅಳತೆ ಕೊಡುವಂತೆ ಮಾಡಬಹುದು. ಸರ್ಕಾರಿ ಹೊಲಿಗೆ ತರಬೇತಿಗಳಲ್ಲಿ ರೂಬಿಯಾದ ಜೊತೆ ಖಣವನ್ನೂ ಕತ್ತರಿಸಲು ಕಲಿಸಬಹುದು: ಅಂಚನ್ನು ತೋಳಿಗೆ ಕೂರಿಸುವುದು, ಚಿತ್ತಾರದ ಸಾಲು ಹೊಂದಿಸುವುದು, ಲೈನಿಂಗ್ ನೆನೆಸುವುದು ಇವೆಲ್ಲ ವಾರದೊಳಗೆ ಕಲಿಸಬಹುದಾದ ಪಾಠಗಳು. ಗ್ರಾಹಕರ ಕಡೆಯಿಂದ ಬೇಕಾದದ್ದು ತ್ಯಾಗವಲ್ಲ. ಹತ್ತು ಮನೆಗೆ ಹತ್ತು ಪಾಲಿಯೆಸ್ಟರ್ ತುಂಡು ಹಂಚುವ ಬದಲು ಹೊಲಿಸಿಕೊಳ್ಳಬಲ್ಲವರಿಗೆ ಒಂದು ಒಳ್ಳೆಯ ಖಣವನ್ನೂ ಅದರ ಹೊಲಿಗೆ ಕೂಲಿಯನ್ನೂ ಕೊಟ್ಟರೆ ಶಾಸ್ತ್ರಕ್ಕೆ ಯಾವ ಊನವೂ ಬರುವುದಿಲ್ಲ. ಖರ್ಚೂ ಬಹುಶಃ ಅಷ್ಟೇ ಆದೀತು.

1905ರ ಸ್ವದೇಶಿ ಚಳವಳಿಯ ನೆನಪಿಗೆಂದು 2015ರಿಂದ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಆಚರಿಸುತ್ತೇವೆ. ನೇಕಾರರಿಗೆ ಶಾಲು ಹೊದಿಸುತ್ತೇವೆ, ವಸ್ತುಪ್ರದರ್ಶನ ಏರ್ಪಡಿಸುತ್ತೇವೆ. ಆ ವೇದಿಕೆಗೆ ದರ್ಜಿಗಳನ್ನೂ ಕರೆಯಬೇಕು, ಸನ್ಮಾನಕ್ಕಲ್ಲ, ಸಮಾಲೋಚನೆಗೆ. ಯಾವ ಬಟ್ಟೆ ಏಕೆ ಕೂರುವುದಿಲ್ಲ, ಎಷ್ಟು ಅಗಲ ಬೇಕು, ಯಾವ ಬಣ್ಣ ಮೊದಲ ಒಗೆತಕ್ಕೇ ಹೋಗುತ್ತದೆ ಎಂಬ ತಿಳಿವಳಿಕೆ ನಗರದಲ್ಲಿ ಅವರೊಬ್ಬರ ಹತ್ತಿರವೇ ಇದೆ, ಅದನ್ನು ಕೇಳುವವರು ಇಲ್ಲಿಯವರೆಗೆ ಬಂದಿಲ್ಲ. ಅದು ಗುಳೇದಗುಡ್ಡ ತಲುಪುವ ವ್ಯವಸ್ಥೆಯಾಗದ ಹೊರತು ನೇಕಾರನಿಗೆ ಕೊಡುವ ಪ್ರತಿ ಸಹಾಯಧನವೂ ಅರ್ಧ ದಾರಿಯಲ್ಲೇ ಖರ್ಚಾಗಿಹೋಗುತ್ತದೆ.